ಚಂದಮಾಮನ ಮನೆಯಲ್ಲಿ ಹುಟ್ಟಿದ ಬೆಳ್ಳಿತೆರೆ!

ಮದರಾಸಿನಲ್ಲಿ ದುಡ್ಡು ಸುರಿದು ಸ್ಟುಡಿಯೋ ಕಟ್ಟಿದವರು ಬೇಕಾದಷ್ಟು ಜನ. ಪ್ರೆಸ್ಸಿನ ಮಸಿ ಮೆತ್ತಿದ ಕೈಯಲ್ಲೇ ಸ್ಟುಡಿಯೋ ಬೀಗದಕೈ ಹಿಡಿದವರೆಷ್ಟು? ಜೆಮಿನಿಯ ವಾಸನ್ ಒಬ್ಬರು. ನಾನು ಈಗ ಹೇಳಹೊರಟಿರುವುದು ಇನ್ನೊಬ್ಬರ ಕಥೆ. ಅವರೇ ಬಿ. ನಾಗಿರೆಡ್ಡಿ.

1912ರಲ್ಲಿ ಕಡಪ ಜಿಲ್ಲೆಯಲ್ಲಿ ಹುಟ್ಟಿದ ರೆಡ್ಡಿಯವರಿಗೆ ಮದರಾಸಿನಲ್ಲಿ ಕೈಹಿಡಿದದ್ದು ಬಿ.ಎನ್.ಕೆ. ಪ್ರೆಸ್. ಜೊತೆಗೆ ಸಿಕ್ಕವರು ಸಾಹಿತಿ ಚಕ್ರಪಾಣಿ. ಒಬ್ಬರದು ಲೆಕ್ಕ, ಇನ್ನೊಬ್ಬರದು ಕಥೆ. 1947ರ ಜುಲೈನಲ್ಲಿ 'ಚಂದಮಾಮ' ತೆಲುಗಿನಲ್ಲೂ ತಮಿಳಿನಲ್ಲೂ ಹುಟ್ಟಿತು. 1949ರಲ್ಲಿ ಕನ್ನಡಕ್ಕೂ ಬಂತು. ನಾನು ಅಕ್ಷರ ಕೂಡಿಸಿ ಓದಿದ ಮೊದಲ ಪತ್ರಿಕೆ ಅದೇ. ನಿಮ್ಮಲ್ಲೂ ಅನೇಕರದು ಅದೇ ಕಥೆ, ಅಲ್ವೇ?

ರೆಡ್ಡಿಯವರ ವ್ಯಾಪಾರದ ಗುಟ್ಟು ಇರೋದೇ ಇಲ್ಲಿ! ಕಥೆ ಒಂದೇ, ಚಿತ್ರ ಒಂದೇ, ಅಕ್ಷರ ಮಾತ್ರ ಬೇರೆ. ನಮ್ಮ ಕನ್ನಡಿಗ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟ ತೆಲುಗು ಹುಡುಗನಿಗೂ ಬೇಕು, ತಮಿಳು ಹುಡುಗಿಗೂ ಬೇಕು. ಬಣ್ಣದ ಖರ್ಚು ಎಲ್ಲ ಭಾಷೆಗಳಿಗೂ ಹಂಚಿಹೋಯಿತು. ಅಗ್ಗದ ಬೆಲೆಗೆ ಅಂದದ ಪುಸ್ತಕ!

ಇದೇ ಲೆಕ್ಕವನ್ನು ಅವರು ಸಿನಿಮಾಕ್ಕೂ ಹಾಕಿದರು. ವಿಜಯಾ ಸಂಸ್ಥೆಯ 'ಮಿಸ್ಸಮ್ಮ' (1955) ನೋಡಿ. ತೆಲುಗಿಗೆ ಎನ್.ಟಿ. ರಾಮರಾವ್, ತಮಿಳಿಗೆ ಜೆಮಿನಿ ಗಣೇಶನ್, ಎರಡಕ್ಕೂ ಸಾವಿತ್ರಿ. 1957ರ 'ಮಾಯಾಬಜಾರ್' ಕೂಡ ಹಾಗೇ. ಘಟೋತ್ಕಚ ಎಸ್.ವಿ. ರಂಗರಾವ್ ಎರಡೂ ಭಾಷೆಯಲ್ಲಿ ಘರ್ಜಿಸಿದರು. ಮಾರ್ಕಸ್ ಬಾರ್ಟ್ಲೆಯವರ ಕ್ಯಾಮೆರಾ ತೆರೆಯ ಮೇಲೆ ಸುರಿಸಿದ ಬೆಳದಿಂಗಳಿಗಂತೂ ಭಾಷೆಯೇ ಬೇಡ! 1965ರಲ್ಲಿ ಕನ್ನಡದ 'ಮದುವೆ ಮಾಡಿ ನೋಡು' ಚಿತ್ರದಲ್ಲಿ ರಾಜ್‌ಕುಮಾರ್ ಕೂಡ ಇದೇ ಮನೆಯ ಹೀರೋ ಆದರು.

ಹಾಗಂತ ಇದು ಬರೀ ಉಳಿತಾಯದ ಕಂಪನಿ ಅಂತ ತಿಳಿಯಬೇಡಿ. 'ಮಿಸ್ಸಮ್ಮ'ನಿಗೆ ಮೊದಲು ಬಣ್ಣ ಹಚ್ಚಿದ್ದವರು ಭಾನುಮತಿ. ಚಕ್ರಪಾಣಿಯವರಿಗೂ ಅವರಿಗೂ ಸರಿಹೋಗಲಿಲ್ಲ. ತೆಗೆದಿದ್ದ ರೀಲುಗಳನ್ನು ಬದಿಗಿಟ್ಟು ಸಾವಿತ್ರಿಯನ್ನು ಹಾಕಿಕೊಂಡು ಮತ್ತೆ ತೆಗೆದರು. ನಷ್ಟ ನುಂಗಬಲ್ಲ ಗಟ್ಟಿ ಎದೆ ಇತ್ತು!

1975ರಲ್ಲಿ ಚಕ್ರಪಾಣಿ ತೀರಿಕೊಂಡರು. ರೆಡ್ಡಿಯವರಿಗೆ 1986ರ ಸಾಲಿನ ಫಾಲ್ಕೆ ಪ್ರಶಸ್ತಿ ಸಂದಿತು. ಅಣ್ಣ ಬಿ.ಎನ್. ರೆಡ್ಡಿಯವರಿಗೆ ಅದಾಗಲೇ ಬಂದಿತ್ತು. 1998ರಲ್ಲಿ 'ಚಂದಮಾಮ' ನಿಂತು, ಮರುವರ್ಷ ಮತ್ತೆ ಎದ್ದಿತು. ರೆಡ್ಡಿಯವರು 2004ರಲ್ಲಿ ಕಣ್ಮುಚ್ಚಿದರು. 2007ರಲ್ಲಿ ಮುಂಬಯಿಯ ಕಂಪ್ಯೂಟರ್ ಕಂಪನಿಯೊಂದು ಪತ್ರಿಕೆಯನ್ನು ಕೊಂಡಿತು. ಕೆಲವೇ ವರ್ಷಗಳಲ್ಲಿ ಅಚ್ಚು ನಿಂತೇಹೋಯಿತು.

ಹೆಸರು ಕೊಳ್ಳೋದು ಸುಲಭ ಸ್ವಾಮಿ! ಆದರೆ ತಿಂಗಳು ತಿಂಗಳು ಕಥೆ ಆರಿಸುವ ಚಕ್ರಪಾಣಿ, ಅದಕ್ಕೆ ಕುಂಚ ಹಿಡಿಯುವ ಆಚಾರ್ಯ, ಇಬ್ಬರಿಗೂ ನೆರಳಾಗಿ ನಿಲ್ಲುವ ರೆಡ್ಡಿ... ಇವರನ್ನು ಯಾವ ಅಂಗಡಿಯಲ್ಲಿ ಕೊಳ್ಳೋಣ? ವಡಪಳನಿಯಲ್ಲಿ ಸ್ಟುಡಿಯೋ ಇದ್ದ ಜಾಗದಲ್ಲೀಗ ಆಸ್ಪತ್ರೆ ಇದೆ, ಮಾಲ್ ಇದೆ. ವಿಜಯಾ ಅನ್ನೋ ಹೆಸರು ಮಾತ್ರ ಅಲ್ಲೇ ಉಳಿದಿದೆ.