ಟಿಕೆಟ್ ಯಂತ್ರಕ್ಕೆ ಹೊಸ ಅಂಗ

ಬ್ಯಾಂಕಿನ ಶಾಖೆಯೊಂದರಲ್ಲಿ ಪಾಸ್‌ಬುಕ್ ಪ್ರಿಂಟರ್ ಕೆಟ್ಟಿತು ಅನ್ನಿ. ಗುಮಾಸ್ತರು ಕಂಪ್ಯೂಟರ್ ವಿಭಾಗಕ್ಕೊಂದು ಮೇಲ್ ಹಾಕುತ್ತಾರೆ. ಚಹಾ ಮುಗಿಯುವ ಮೊದಲೇ ‘ನಿಮ್ಮ ದೂರು ದಾಖಲಾಗಿದೆ, ಸಂಖ್ಯೆ 4172’ ಎಂದು ಉತ್ತರ ಬರುತ್ತದೆ. ಪ್ರಿಂಟರ್ ಸರಿಯಾಗಲು ನಾಲ್ಕು ದಿನ ಹಿಡಿಯಬಹುದು, ಅದು ಬೇರೆ ಮಾತು. ಆ ಉತ್ತರ ಬರೆದದ್ದು ಮನುಷ್ಯರಲ್ಲ, ಒಂದು ತಂತ್ರಾಂಶ. ದೂರು ಯಾರ ಕೈಗೆ ಹೋಯಿತು, ಯಾರು ಏನು ಹೇಳಿದರು, ಯಾವಾಗ ಮುಗಿಯಿತು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳುವುದೇ ಅದರ ಕಸುಬು.

ಇಂಥ ತಂತ್ರಾಂಶಗಳಲ್ಲಿ ಹಳೆಯದೂ ಗಟ್ಟಿಯೂ ಆದದ್ದು ‘ರಿಕ್ವೆಸ್ಟ್ ಟ್ರ್ಯಾಕರ್’. ಬಳಸುವವರ ಬಾಯಲ್ಲಿ ಬರೀ ಆರ್‌ಟಿ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿದ್ದಾಗ ಜೆಸ್ಸಿ ವಿನ್ಸೆಂಟ್ 1996ರಲ್ಲಿ ಇದನ್ನು ಬರೆಯಲು ತೊಡಗಿದರು. ಆಂಡ್ರಾಯ್ಡ್ ಫೋನಿನ ಕೆ-9 ಮೇಲ್ ಆ್ಯಪನ್ನು ಶುರುಮಾಡಿದವರೂ ಅವರೇ. ಆರ್‌ಟಿ ಇರುವುದು ಪರ್ಲ್ ಭಾಷೆಯಲ್ಲಿ, ಜಿಪಿಎಲ್ ಪರವಾನಗಿಯಡಿ. ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಲೂ ಅಡ್ಡಿಯಿಲ್ಲ. ಹಾಗೆಂದು ಸಿಕ್ಕಲ್ಲೆಲ್ಲ ಕೈ ಹಾಕಿದರೆ ಮುಂದಿನ ಅಪ್‌ಗ್ರೇಡ್ ದಿನ ಅನುಭವಿಸಬೇಕಾಗುತ್ತದೆ. ಹೊಸ ಆವೃತ್ತಿಯ ಫೈಲುಗಳು ಹಳೆಯವುಗಳ ಮೇಲೆ ಬಂದು ಕೂರುತ್ತವೆ, ನೀವು ತಿದ್ದಿದ್ದು ಅಳಿಸಿಹೋಗುತ್ತದೆ.

ಹಾಗಾದರೆ ಸೇರಿಸುವುದು ಎಲ್ಲಿ? ಅದಕ್ಕೆ ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕು. ದಾಖಲಾದ ಪ್ರತಿ ದೂರಿಗೂ ಇಲ್ಲಿ ‘ಟಿಕೆಟ್’ ಎಂದು ಹೆಸರು. ಆರ್‌ಟಿಯಲ್ಲಿ ಟಿಕೆಟ್ ಹುಟ್ಟುವುದು, ಕೈ ಬದಲಾಗುವುದು, ಅದಕ್ಕೆ ಉತ್ತರ ಸೇರುವುದು, ಎಲ್ಲವೂ ಒಂದೊಂದು ‘ಟ್ರಾನ್ಸಾಕ್ಷನ್’ ಆಗಿ ದಾಖಲಾಗುತ್ತದೆ. ಪ್ರತಿ ಟ್ರಾನ್ಸಾಕ್ಷನ್ ಆದ ಕೂಡಲೇ ಆರ್‌ಟಿ ತನ್ನ ನಿಯಮಗಳ ಪಟ್ಟಿಯನ್ನು ಒಮ್ಮೆ ತಿರುವಿಹಾಕುತ್ತದೆ. ಈ ನಿಯಮಕ್ಕೆ ‘ಸ್ಕ್ರಿಪ್’ ಎಂದು ಹೆಸರು. ಒಂದು ಷರತ್ತು, ಒಂದು ಕೆಲಸ, ಬೇಕಾದರೆ ಒಂದು ಮಾದರಿ ಪತ್ರ, ಇಷ್ಟೇ ಅದರ ಮೈಕಟ್ಟು. ಷರತ್ತು: ಟಿಕೆಟ್ ಈಗಷ್ಟೇ ಹುಟ್ಟಿದೆ. ಕೆಲಸ: ದೂರಿತ್ತವರಿಗೆ ಮೇಲ್ ಕಳಿಸು. ಗುಮಾಸ್ತರಿಗೆ ಬಂದ ಉತ್ತರದ ಗುಟ್ಟು ಇದೇ.

ನಮ್ಮ ಕೋಡ್ ಸೇರಬೇಕಾದ ಜಾಗವೂ ಇದೇ. ಶಾಖೆಗಳಿಂದ ಬರುವ ಮೇಲ್‌ಗಳ ವಿಷಯ ಸಾಲಿನಲ್ಲಿ ಐಎಫ್‌ಎಸ್‌ಸಿ ಕೋಡ್ ಇರುತ್ತದೆ, ಅದನ್ನು ನೋಡಿ ಟಿಕೆಟ್‌ನಲ್ಲಿ ಶಾಖೆಯ ಹೆಸರು ತಾನಾಗಿ ತುಂಬಿಕೊಳ್ಳಬೇಕು ಎಂದುಕೊಳ್ಳೋಣ. ಐಎಫ್‌ಎಸ್‌ಸಿಯಲ್ಲಿ 11 ಅಕ್ಷರಗಳು. ಮೊದಲ ನಾಲ್ಕು ಬ್ಯಾಂಕಿನವು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯವು. ಹೀಗೆ ಕಟ್ಟುನಿಟ್ಟಾದ ಅಚ್ಚಿದ್ದರೆ ಹುಡುಕುವುದು ಪರ್ಲ್‌ಗೆ ನೀರು ಕುಡಿದಷ್ಟು ಸಲೀಸು. ಸ್ಕ್ರಿಪ್‌ನ ಕೆಲಸ ಮಾಡುವ ಮಾಡ್ಯೂಲ್ ಎಂದರೆ ಇಲ್ಲಿ ಒಂದು ಪುಟ್ಟ ಫೈಲ್, ಅದರಲ್ಲಿ ಎರಡು ಭಾಗ. ‘ಪ್ರಿಪೇರ್’ ಎಂಬ ಭಾಗ ಕೋಡ್ ಇದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ‘ನನಗೆ ಕೆಲಸವಿಲ್ಲ’ ಎಂದು ಹಿಂದೆ ಸರಿಯುತ್ತದೆ. ‘ಕಮಿಟ್’ ಎಂಬುದು ಶಾಖೆಯ ಹೆಸರನ್ನು ಬರೆಯುತ್ತದೆ. ಆರ್‌ಟಿ ಮೊದಲು ಎಲ್ಲ ಸ್ಕ್ರಿಪ್‌ಗಳ ಪ್ರಿಪೇರ್ ಮುಗಿಸಿ, ಆಮೇಲಷ್ಟೇ ಕಮಿಟ್‌ಗಳನ್ನು ನಡೆಸುತ್ತದೆ. ಆದ್ದರಿಂದ ಒಂದರ ಕಮಿಟ್ ತುಂಬಿದ್ದನ್ನು ಇನ್ನೊಂದರ ಪ್ರಿಪೇರ್ ಓದಲು ಹೊರಟರೆ ಅಲ್ಲಿ ಏನೂ ಸಿಗದು. ಹೊಸಬರು ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವುದು ಇಲ್ಲೇ.

ಪರದೆಯ ಮೇಲೆ ಏನಾದರೂ ಸೇರಿಸಬೇಕೆಂದರೆ ದಾರಿ ಬೇರೆ. ಆರ್‌ಟಿಯ ಪುಟಗಳನ್ನು ಬರೆದವರು ಅಲ್ಲಲ್ಲಿ ‘ಕಾಲ್‌ಬ್ಯಾಕ್’ ಎಂಬ ಜಾಗಗಳನ್ನು ಬಿಟ್ಟಿದ್ದಾರೆ, ಹಳೆಯ ಮನೆಗಳಲ್ಲಿ ಗೋಡೆ ಕಟ್ಟುವಾಗಲೇ ದೀಪಕ್ಕೆಂದು ಗೂಡು ಬಿಡುತ್ತಿದ್ದ ಹಾಗೆ. ನಿಗದಿಯಾದ ಹೆಸರಿನ ಫೋಲ್ಡರಿನಲ್ಲಿ ನಿಮ್ಮ ತುಣುಕನ್ನಿಟ್ಟರೆ ಪುಟ ತೆರೆದಾಗ ಆರ್‌ಟಿ ಅದನ್ನು ಹುಡುಕಿಕೊಂಡು ಬಂದು ಅಲ್ಲಿ ಕೂರಿಸುತ್ತದೆ. ಇಂಥ ಸೇರ್ಪಡೆಗಳಿಗೆಲ್ಲ ‘ಲೋಕಲ್’ ಎಂಬ ಪ್ರತ್ಯೇಕ ಫೋಲ್ಡರ್ ಇದೆ. ಅಪ್‌ಗ್ರೇಡ್ ಅದರ ತಂಟೆಗೆ ಹೋಗುವುದಿಲ್ಲ.

ಆದರೆ ಲೋಕಲ್‌ನಲ್ಲೇ ಒಂದು ಉರುಳೂ ಇದೆ. ಒಂದೇ ಹೆಸರಿನ ಪುಟ ಮೂಲದಲ್ಲೂ ಲೋಕಲ್‌ನಲ್ಲೂ ಇದ್ದರೆ ಆರ್‌ಟಿ ಆರಿಸಿಕೊಳ್ಳುವುದು ಲೋಕಲ್‌ನದನ್ನು. ಹಾಗಾಗಿ ಅನೇಕರು ಇಡೀ ಪುಟವನ್ನು ನಕಲು ಮಾಡಿ, ಒಂದೇ ಒಂದು ಸಾಲು ಬದಲಿಸಿ ಕೈ ತೊಳೆದುಕೊಳ್ಳುತ್ತಾರೆ. ಕೆಲಸ ನಡೆಯುತ್ತದೆ, ಎಲ್ಲರೂ ಖುಷಿ. ವರ್ಷದ ನಂತರ ಮೂಲ ಪುಟದಲ್ಲಿ ಸುರಕ್ಷತಾ ದೋಷವೊಂದು ಪತ್ತೆಯಾಗಿ, ತಿದ್ದಿದ ಆವೃತ್ತಿ ಬರುತ್ತದೆ. ನೀವು ಅಪ್‌ಗ್ರೇಡ್ ಮಾಡುತ್ತೀರಿ. ಆವೃತ್ತಿ ಸಂಖ್ಯೆ ಹೊಸದು, ಓಡುತ್ತಿರುವುದು ಮಾತ್ರ ನಿಮ್ಮ ಹಳೆಯ ನಕಲು, ಹಳೆಯ ತೂತಿನ ಸಮೇತ. ಮೂಲವನ್ನೇ ತಿದ್ದಿದ್ದರೆ ಅಪ್‌ಗ್ರೇಡಿನ ಮರುದಿನವೇ ಗೊತ್ತಾಗುತ್ತಿತ್ತು. ಇದು ಗೊತ್ತೇ ಆಗುವುದಿಲ್ಲ. ನನ್ನ ಮಟ್ಟಿಗೆ ಇಂಥ ನಕಲು ಮೂಲವನ್ನು ತಿದ್ದುವುದಕ್ಕಿಂತಲೂ ಕೆಟ್ಟ ಚಾಳಿ.

ಮೇಲ್ ಕಳಿಸುವ ಮಾಡ್ಯೂಲ್ ಬರೆಯುವವರು ಇನ್ನೊಂದಕ್ಕೆ ಹೆದರಬೇಕು. ಯಾರೋ ರಜೆಯಲ್ಲಿದ್ದಾರೆ, ಅವರ ಮೇಲ್‌ಬಾಕ್ಸ್ ಎಲ್ಲದಕ್ಕೂ ‘ನಾನು ಊರಲ್ಲಿಲ್ಲ’ ಎನ್ನುತ್ತಿದೆ. ಟಿಕೆಟ್ ಯಂತ್ರ ಅದಕ್ಕೂ ಉತ್ತರಿಸಿದರೆ ಎರಡು ಯಂತ್ರಗಳ ಹರಟೆ ಬೆಳಗಿನವರೆಗೂ ನಡೆದೀತು. ಇದಕ್ಕಾಗಿಯೇ ಆರ್‌ಟಿ ತಾನು ಕಳಿಸುವ ಪತ್ರಗಳ ತಲೆಯಲ್ಲೊಂದು ಗುರುತು ಹಾಕಿರುತ್ತದೆ. ಯಂತ್ರ ಕಳಿಸಿದ ಮೇಲ್‌ಗೆ ಗುರುತಿರಬೇಕೆಂದು 2004ರ ಆರ್‌ಎಫ್‌ಸಿ 3834 ಎಂಬ ಅಂತರ್ಜಾಲ ಶಿಫಾರಸೂ ಹೇಳುತ್ತದೆ. ಆರ್‌ಟಿಯದೇ ಮೇಲ್ ವ್ಯವಸ್ಥೆಯನ್ನು ಬಿಟ್ಟು ನೇರವಾಗಿ ಕಳಿಸುವ ಮಾಡ್ಯೂಲಿನಲ್ಲಿ ಈ ಗುರುತು ತಪ್ಪಿಹೋಗುತ್ತದೆ.

ಎಲ್ಲದಕ್ಕೂ ಮಾಡ್ಯೂಲ್ ಬೇಕೆಂದೂ ಇಲ್ಲ. ದೂರಿಗೆ ಎಂಟು ಕೆಲಸದ ಗಂಟೆಗಳಲ್ಲಿ ಉತ್ತರಿಸಬೇಕು ಎಂದಿದ್ದರೆ ಆರ್‌ಟಿಗೆ ಕೆಲಸದ ವೇಳೆಯನ್ನೂ ರಜೆಗಳನ್ನೂ ಹೇಳಿಕೊಡಬೇಕು. ನಮ್ಮ ಬ್ಯಾಂಕುಗಳಿಗೆ 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ವಾರದ ಲೆಕ್ಕದಲ್ಲಿ ಇದನ್ನು ಹೇಳಲಾಗದು. ಆದರೆ ಆರ್‌ಟಿಯ ಸೆಟ್ಟಿಂಗ್ಸ್ ಫೈಲ್ ಕೂಡ ಪರ್ಲ್ ಕೋಡೇ. ಶನಿವಾರದ ತಾರೀಖು 8ರಿಂದ 14ರೊಳಗಿದ್ದರೆ ಅದು ಎರಡನೆಯದು, 22ರಿಂದ 28ರೊಳಗಿದ್ದರೆ ನಾಲ್ಕನೆಯದು. ಈ ಲೆಕ್ಕವನ್ನು ಅಲ್ಲಿಯೇ ನಾಲ್ಕೈದು ಸಾಲಿನಲ್ಲಿ ಬರೆದು ರಜಾಪಟ್ಟಿ ತುಂಬಿಸಿದರೆ ಮುಗಿಯಿತು. ಅಂದಹಾಗೆ, ಈ ಗಡುವಿನ ಸೌಲಭ್ಯವೇ ಮೊದಲು ಪ್ರತ್ಯೇಕ ಸೇರ್ಪಡೆಯಾಗಿತ್ತು. ಆರ್‌ಟಿ 4.4 ಬಂದಾಗ ಮೂಲದೊಳಕ್ಕೆ ಸೇರಿತು.

ಜರ್ಮನಿಯ ಒಟಿಆರ್‌ಎಸ್ ಇದೇ ಜಾತಿಯದು, ಅದೂ ಪರ್ಲ್‌ನದೇ. ಅಲ್ಲಿ ಮಾಡ್ಯೂಲುಗಳು ‘ಒಪಿಎಂ’ ಎಂಬ ಪೊಟ್ಟಣಗಳಾಗಿ ಬರುತ್ತವೆ. ಯಾವ ಆವೃತ್ತಿಗೆ ಒಗ್ಗುತ್ತದೆ ಎಂಬುದು ಪೊಟ್ಟಣದೊಳಗೇ ಬರೆದಿರುತ್ತದೆ, ಒಳಗಿನ ಫೈಲನ್ನು ಯಾರಾದರೂ ಮುಟ್ಟಿದ್ದರೆ ಯಂತ್ರವೇ ದೂರುತ್ತದೆ. ಈ ಶಿಸ್ತು ಆರ್‌ಟಿಯದಕ್ಕಿಂತ ಒಂದು ಕೈ ಮೇಲು. 2020ರ ಕೊನೆಗೆ ಒಟಿಆರ್‌ಎಸ್‌ನ ಕಂಪನಿ ಅದರ ಉಚಿತ ಆವೃತ್ತಿಗೆ ಬೆಂಬಲ ನಿಲ್ಲಿಸಿತು. ಕೋಡ್ ಮುಕ್ತವಾಗಿದ್ದರಿಂದ ಬಳಸುವವರು ಬೀದಿಗೆ ಬೀಳಲಿಲ್ಲ. ‘ಝ್ನೂನಿ’ ಎಂಬ ಹೊಸ ಹೆಸರಿನಲ್ಲಿ ಅದು ಮುಂದುವರಿಯಿತು.

ಕೈಯಾಡಿಸುವ ಆಸೆಯಿದ್ದರೆ ಆರ್‌ಟಿಯ ಮೂಲ ಕೋಡಿನಲ್ಲಿ ‘ಆ್ಯಕ್ಷನ್’ ಫೋಲ್ಡರ್ ತೆರೆದು ‘ಆಟೋಓಪನ್’ ಎಂಬ ಫೈಲನ್ನು ಓದಿ. ಮುಚ್ಚಿದ ಟಿಕೆಟ್‌ಗೆ ದೂರಿತ್ತವರು ಮತ್ತೆ ಬರೆದರೆ ಅದನ್ನು ತೆರೆಯುವುದು ಅದರ ಕೆಲಸ. ಪ್ರಿಪೇರ್, ಕಮಿಟ್ ಎರಡೂ ಅದರಲ್ಲಿವೆ. ನಿಮ್ಮ ಮೊದಲ ಮಾಡ್ಯೂಲನ್ನು ಪ್ರಯೋಗಿಸುವುದು ಮಾತ್ರ ಸರ್ವರಿನ ಒಂದು ನಕಲಿನ ಮೇಲೆ, ಹೊರಗೆ ಮೇಲ್ ಹೋಗದಂತೆ ಬಾಗಿಲು ಹಾಕಿಕೊಂಡು.