ಬಾಟಲಿಯೊಳಗಿನ ಸಕ್ಕರೆಯ ಲೆಕ್ಕ

ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಸುತ್ತ ಎತ್ತ ನೋಡಿದರೂ ತೆಂಗಿನ ತೋಟ. ಆದರೂ ಬಿಸಿಲಲ್ಲಿ ಬಂದ ನೆಂಟರಿಗೆ ಅಂಗಡಿಯ ತಂಪು ಪಾನೀಯ ತರಿಸುವ ಮನೆಗಳುಂಟು. ಇಲ್ಲಿ ಕಾಯಿ ಮರದಲ್ಲೇ ಬಲಿತು, ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿ, ಉಂಡೆ ಕೊಬ್ಬರಿಯಾಗಿ ತಿಪಟೂರು ಮಾರುಕಟ್ಟೆ ಸೇರಬೇಕು. ಎಳನೀರು ಕಿತ್ತರೆ ಕೊಬ್ಬರಿ ನಷ್ಟವೆಂಬ ಲೆಕ್ಕ ಸಹಜವೇ. ಆದರೆ ಬಾಟಲಿಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ.

ಹಲವರು ದೂರುವುದು ಅದರಲ್ಲಿರುವ ಗ್ಯಾಸನ್ನು. ಅದು ಒತ್ತಡದಿಂದ ನೀರಿನಲ್ಲಿ ಕರಗಿಸಿದ ಇಂಗಾಲದ ಡೈ ಆಕ್ಸೈಡ್. ಗೋಲಿ ಸೋಡಾದಲ್ಲಿರುವುದೂ ಅದೇ. ಅದರಿಂದ ಹೊಟ್ಟೆ ಉಬ್ಬರಿಸಬಹುದು, ಎದೆಯುರಿ ಇರುವವರಿಗೆ ಉರಿ ಹೆಚ್ಚಬಹುದು. ತೇಗು ಬಂದೊಡನೆ ಅಜೀರ್ಣ ಹೋಯಿತೆಂದು ತಿಳಿಯಬೇಡಿ; ಹೊರಬಂದದ್ದು ಆಗತಾನೆ ಕುಡಿದ ಗ್ಯಾಸ್. ಆದರೂ ಮುಖ್ಯ ಅಪಾಯ ಗ್ಯಾಸಿನದಲ್ಲ, ಸಕ್ಕರೆಯದು.

300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಆರೇಳು ಚಮಚ. ಕಾಫಿಗೆ ಅಷ್ಟು ಹಾಕಿದರೆ ನೀವು ಕುಡಿಯಲಾರಿರಿ. ಇಲ್ಲಿ ತಂಪು ಮತ್ತು ಹುಳಿ ಆ ಸಿಹಿಯನ್ನು ಮರೆಮಾಡುತ್ತವೆ. ವಯಸ್ಕರಿಗೆ ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಮಿನೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯ ಸಾರ. ಮಕ್ಕಳ ಮಿತಿ ಇನ್ನೂ ಕಡಿಮೆ. ದ್ರವರೂಪದ ಸಕ್ಕರೆ ಹಸಿವನ್ನು ತಣಿಸುವುದಿಲ್ಲ. ಊಟ ಎಂದಿನಷ್ಟೇ ನಡೆಯುತ್ತದೆ. ಹೆಚ್ಚುವರಿ ಸಕ್ಕರೆ ಕೊಬ್ಬಾಗಿ ಹೊಟ್ಟೆಯ ಸುತ್ತ, ಯಕೃತ್ತಿನೊಳಗೆ ಸೇರುತ್ತದೆ. 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ ಒಂದೆರಡು ಬಾರಿ ಸಿಹಿ ಪಾನೀಯ ಕುಡಿಯುವವರಲ್ಲಿ ಎರಡನೇ ಬಗೆಯ ಸಕ್ಕರೆ ಕಾಯಿಲೆಯ ಸಂಭವ, ಅಪರೂಪಕ್ಕೆ ಕುಡಿಯುವವರಿಗಿಂತ ಶೇಕಡಾ 26ರಷ್ಟು ಹೆಚ್ಚು ಕಂಡುಬಂದಿತು.

ಹಲ್ಲಿಗೂ ಹಾನಿಯುಂಟು. ಆಮ್ಲೀಯತೆಯನ್ನು ಅಳೆಯುವ ಪಿಎಚ್ ಅಂಕ ಇಳಿದಷ್ಟೂ ಹುಳಿ ಹೆಚ್ಚು. ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮೆಲ್ ಕರಗತೊಡಗುತ್ತದೆ; ಕೋಲಾದ ಅಂಕ ಸುಮಾರು 2.5. ಸಕ್ಕರೆಯಿಲ್ಲದ 'ಡಯಟ್' ಪಾನೀಯದಲ್ಲೂ ಆಮ್ಲ ಇದ್ದೇ ಇರುತ್ತದೆ. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿದಷ್ಟೂ ಹಾನಿ ಹೆಚ್ಚು. ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ. ಕೂಡಲೇ ಹಲ್ಲುಜ್ಜಬೇಡಿ, ಮೆದುವಾದ ಎನಾಮೆಲ್ ಸವೆಯುತ್ತದೆ.

ಇನ್ನೊಂದು ಎಚ್ಚರಿಕೆ. ವಾಂತಿಭೇದಿಯಾದ ಮಗುವಿಗೆ ತಂಪು ಪಾನೀಯ ಕೊಡಬೇಡಿ. ಅದರ ಸಕ್ಕರೆ ಭೇದಿಯನ್ನು ಹೆಚ್ಚಿಸಬಲ್ಲದು. ಆಗ ಬೇಕಾದುದು ಓಆರ್‌ಎಸ್ ದ್ರಾವಣ ಮತ್ತು ವೈದ್ಯರ ಸಲಹೆ.

ಮದುವೆ, ಜಾತ್ರೆಯಲ್ಲಿ ಅಪರೂಪಕ್ಕೆ ಕುಡಿದರೆ ಗಾಬರಿಯಿಲ್ಲ. ದಿನದ ಅಭ್ಯಾಸವಾದರೆ ಮಾತ್ರ ಯೋಚಿಸಬೇಕು. ಬಾಯಾರಿದರೆ ನೀರು, ನೀರುಮಜ್ಜಿಗೆ ಸಾಕು. ಎಳನೀರಿನಲ್ಲಿ ಸಕ್ಕರೆ ಕೋಲಾದ ಅರ್ಧಕ್ಕಿಂತ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳಿ ಕುಡಿಯಲಿ. ಮನೆಯವರಿಗಾಗಿ ಒಂದು ಮರದ ಕಾಯಿಯನ್ನು ಎಳೆಯದರಲ್ಲೇ ಇಳಿಸಿದರೆ, ಅದನ್ನು ನಷ್ಟದ ಬಾಬ್ತಿಗೆ ಬರೆಯಬೇಕಾಗಿಲ್ಲ.