ಕಾರಿನ ಹಿಂದೆ ಕಟ್ಟಿದ ಭಾರ

ಹಳೇಬೀಡಿನ ನೆರೆಯ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಸುಂದರವಾದ ಮೆಟ್ಟಿಲುಗೊಳವೊಂದಿದೆ. ಅದನ್ನೂ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನೂ ಸೈಕಲ್ಲಿನ ಮೇಲೆ ಸುತ್ತಿ ನೋಡುವುದು ಸೊಗಸಾದ ಪ್ರವಾಸವೇ ಸರಿ. ಆದರೆ ದೂರದಿಂದ ಬರುವವರು ಸೈಕಲ್ಲನ್ನು ಕಾರಿಗೆ ಕಟ್ಟಿ ತರಬೇಕಾಗುತ್ತದೆ. ಹಗುರವಾದ ಸಾಮಾನ್ಯ ಸೈಕಲ್ಲಾದರೆ ತೂಕ 15 ಕಿಲೋಗ್ರಾಂ ಒಳಗೇ ಮುಗಿಯಬಹುದು. ಮೋಟಾರು, ಬ್ಯಾಟರಿಗಳುಳ್ಳ ವಿದ್ಯುತ್ ಸೈಕಲ್ಲು 25 ಕಿಲೋಗ್ರಾಂವರೆಗೂ, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿಯೂ ತೂಗುತ್ತದೆ.

ಇಂತಹುದನ್ನು ಸಾಗಿಸಲು ಬಳಸುವ ಸಾಧನವೇ ಹಿಚ್ ರ‍್ಯಾಕ್. ಕಾರಿನ ಅಡಿಯ ಚೌಕಟ್ಟಿಗೆ ಬಿಗಿದ ಉಕ್ಕಿನ ಚೌಕ ಕೊಳವೆಯೊಳಕ್ಕೆ ಇದರ ದಂಡವನ್ನು ತೂರಿಸಿ, ಅಡ್ಡಗೂಟವೊಂದರಿಂದ ಬಂಧಿಸುತ್ತಾರೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಸುಪರಿಚಿತ, ನಮ್ಮಲ್ಲಿ ವಿರಳ.

ಇದರ ಹಿಂದಿರುವ ತತ್ತ್ವವನ್ನು ಎತ್ತಿನ ಗಾಡಿಗೆ ಮೂಟೆ ಹೇರುವ ಯಾವ ರೈತನಾದರೂ ಬಲ್ಲ. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲಕ್ಕೇಳುತ್ತದೆ. ನೊಗ ಎತ್ತುಗಳ ಹೆಗಲಿನ ಮೇಲೆ ನಿಲ್ಲುವುದಿಲ್ಲ. ಕಾರೂ ಅಂತಹುದೇ ಒಂದು ಸನ್ನೆ. ಅದರ ಹಿಂದಿನ ಅಚ್ಚೇ ಆನಿಕೆ. ಎರಡು ವಿದ್ಯುತ್ ಸೈಕಲ್ಲುಗಳು ಹಾಗೂ ರ‍್ಯಾಕ್ ಸೇರಿ 70 ಕಿಲೋಗ್ರಾಂ ಎಂದೂ, ಆ ಭಾರ ಹಿಂದಿನ ಅಚ್ಚಿನಿಂದ 1.5 ಮೀಟರು ಹಿಂದಿದೆ ಎಂದೂ, ಎರಡು ಅಚ್ಚುಗಳ ನಡುವಣ ದೂರ 2.5 ಮೀಟರೆಂದೂ ಭಾವಿಸೋಣ. ಆಗ ಮುಂದಿನ ಗಾಲಿಗಳ ಮೇಲಣ ಭಾರ 70 × 1.5 ÷ 2.5, ಎಂದರೆ 42 ಕಿಲೋಗ್ರಾಂ ಕಡಿಮೆಯಾಗುತ್ತದೆ. ಹಿಂದಿನ ಗಾಲಿಗಳ ಮೇಲೆ 70 ಅಲ್ಲ, 112 ಕಿಲೋಗ್ರಾಂ ಹೆಚ್ಚುತ್ತದೆ! ಕಾರನ್ನು ಬೇಕಾದತ್ತ ತಿರುಗಿಸುವುವು ಮುಂದಿನ ಗಾಲಿಗಳೇ. ಅವು ಹಗುರಾದಷ್ಟೂ ನೆಲವನ್ನು ಕಚ್ಚುವ ಶಕ್ತಿ ಕುಗ್ಗುತ್ತದೆಂಬುದನ್ನು ವಾಚಕರು ಗಮನಿಸಬೇಕು.

ಇದು ಸಮನಾದ ರಸ್ತೆಯ ಲೆಕ್ಕ. ನಮ್ಮ ಊರೂರಿನ ಹೊಸ್ತಿಲಲ್ಲೂ ಕಾದಿರುವ ಉಬ್ಬುಗಳನ್ನು ಮರೆಯುವಂತಿಲ್ಲ. ಕಾರಿನ ಹಿಂಬದಿಯು ಗುರುತ್ವದಷ್ಟೇ ವೇಗೋತ್ಕರ್ಷದಿಂದ ಮೇಲಕ್ಕೆ ಚಿಮ್ಮಿದರೆ, ಆ ಕ್ಷಣದಲ್ಲಿ 25 ಕಿಲೋಗ್ರಾಮಿನ ಸೈಕಲ್ಲು ರ‍್ಯಾಕನ್ನು 50 ಕಿಲೋಗ್ರಾಮಿನ ಸೈಕಲ್ಲಿನಂತೆ ಅದುಮುತ್ತದೆ. ಇಂತಹ ನೂರಾರು ಹೊಡೆತಗಳಿಗೆ ಉಕ್ಕು ಕೂಡ ದಣಿದು ಬಿರುಕು ಬಿಡುವುದುಂಟು. ದಂಡಕ್ಕೂ ಕೊಳವೆಗೂ ನಡುವೆ ಸಡಿಲವಿದ್ದರಂತೂ ಪ್ರತಿಯೊಂದು ಕುಲುಕೂ ಸುತ್ತಿಗೆಯ ಪೆಟ್ಟೇ.

ಆದುದರಿಂದ ಕೊಳ್ಳುವಾಗಲೇ ರ‍್ಯಾಕು ಒಂದೊಂದು ಸೈಕಲ್ಲಿಗೆ ಎಷ್ಟು ತೂಕವನ್ನು ತಾಳಬಲ್ಲುದೆಂದು ನೋಡಬೇಕು. ಒಟ್ಟು ತೂಕವೊಂದನ್ನೇ ನೋಡಿದರೆ ಸಾಲದು. ಕಾರಿನ ಕೊಳವೆಯ ಮಿತಿಯೊಳಗೆ ರ‍್ಯಾಕಿನ ಸ್ವಂತ ತೂಕವೂ ಸೇರುತ್ತದೆ. ಸೈಕಲ್ಲನ್ನು ತೂಗುಹಾಕುವುದಕ್ಕಿಂತ, ಎರಡು ಗಾಲಿಗಳನ್ನೂ ತಟ್ಟೆಯ ಮೇಲಿರಿಸಿ ಪಟ್ಟಿಗಳಿಂದ ಬಿಗಿಯುವ ಬಗೆಯೇ ಮೇಲು. ಹೆಚ್ಚು ಭಾರದ ಸೈಕಲ್ಲು ಕಾರಿಗೆ ಹತ್ತಿರವಿರಲಿ, ಹಗುರವಾದುದು ಹೊರಗಿರಲಿ. ಬ್ಯಾಟರಿಯನ್ನು ಕಳಚಿ ಕಾರಿನೊಳಗೆ ಭದ್ರವಾಗಿಟ್ಟರೆ 3 ಕಿಲೋಗ್ರಾಮಿನಷ್ಟು ಭಾರ ರ‍್ಯಾಕಿನಿಂದ ಇಳಿಯುವುದಲ್ಲದೆ, ಅದು ಮಳೆಯಿಂದಲೂ ಪಾರಾಗುತ್ತದೆ. ನಂಬರು ಫಲಕವಾಗಲಿ, ಹಿಂದಿನ ಕೆಂಪು ದೀಪಗಳಾಗಲಿ ಮರೆಯಾಗಕೂಡದು. ಹೊರಟು ಹತ್ತು ಕಿಲೋಮೀಟರು ಕ್ರಮಿಸಿದ ಮೇಲೆ ಇಳಿದು ಪಟ್ಟಿಗಳನ್ನೊಮ್ಮೆ ಎಳೆದು ನೋಡುವುದು ಒಳ್ಳೆಯದು. ಕುಲುಕಾಟದಿಂದ ಅವು ಸಡಿಲಗೊಳ್ಳುವುದು ಸಾಮಾನ್ಯವಾಗಿ ಆರಂಭದಲ್ಲಿಯೇ.